ದ್ರಾಕ್ಷಿ ಗೋದಾಮಿನ ಗ್ಯಾಸು

"ಒಂಬತ್ತೂವರಿ ಆಗೈತ್ರಿ" ಎಂದು ಫೋನಿನಲ್ಲಿ ಒಬ್ಬ ಹೆಂಗಸು ಹೇಳಿದರು. ಸೋಮವಾರ ಬೆಳಿಗ್ಗೆ ನಾನು ಆಗಷ್ಟೇ ಸಿಕಂದರಾಬಾದಿನ ನಮ್ಮ ತರಬೇತಿ ಕೇಂದ್ರದ ಬೀಗ ತೆಗೆದು ಒಳಗೆ ಬಂದಿದ್ದೆ. ಗೋಡೆಯ ಗಡಿಯಾರದಲ್ಲಿ ಇನ್ನೂ ಎಂಟೂಕಾಲು.

"ನಿಮ್ಮ ಗಡಿಯಾರ ಮುಂದ ಹೋಗೈತಿ ಅನಸ್ತೈತ್ರಿ" ಎಂದೆ.

"ಗಡಿಯಾರ ಅಲ್ಲವಾ, ಡಿಗ್ರಿ. ನಮ್ಮ ತಂಪು ಕೋಣಿ ಒಂಬತ್ತೂವರಿಗೆ ಬಂದೈತಿ. ಎಂಟು ದಾಟಬಾರದು. ಏರಾಕತ್ತೈತಿ."

ಆಗ ದನಿಯ ಗುರುತು ಹತ್ತಿತು. ಊರಿನ ಹಳೇ ಭಾಗದ ಒಂದು ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಔಷಧ ಉಗ್ರಾಣದ ಮೇಲ್ವಿಚಾರಕಿ. ರಾಯಚೂರಿನ ಕಡೆಯವರು. ಹಿಂದಿನ ವರ್ಷ ಊರಿನಲ್ಲಿ ಹಳೇ ಯಂತ್ರಗಳು ಎಲ್ಲೆಲ್ಲಿ ಉಳಿದಿವೆಯೆಂದು ಪಟ್ಟಿ ಮಾಡಲು ಹೋದಾಗ ಪರಿಚಯವಾಗಿದ್ದರು. ನಾನು ಕಲಬುರಗಿಯವಳೆಂದು ತಿಳಿದ ಗಳಿಗೆಯಿಂದ ತೆಲುಗು ಬಿಟ್ಟು ಕನ್ನಡಕ್ಕೆ ಬಂದಿದ್ದರು. ನಾನವರನ್ನು ಅಕ್ಕ ಎನ್ನುತ್ತಿದ್ದೆ. ಅವರ ತಂಪು ಕೋಣೆಯಲ್ಲಿ ಇರುವುದು ಮಕ್ಕಳ ಲಸಿಕೆ. ಬುಧವಾರ ಲಸಿಕೆಯ ದಿನ. ತಾಯಂದಿರು ಕೂಲಿ ಬಿಟ್ಟು, ಎರಡು ಮೂರು ಬಸ್ಸು ಬದಲಿಸಿ ಬರುತ್ತಾರೆ. ಒಮ್ಮೆ ಬರಿಗೈಲಿ ಕಳಿಸಿದರೆ ಅರ್ಧ ಜನ ಮತ್ತೆ ಬರುವುದಿಲ್ಲ ಎಂದು ಅವರು ಹೇಳುತ್ತಿದ್ದರು.

ಆ ಮೂರು ದಿನಗಳನ್ನು ನೆನೆದರೆ ಈಗಲೂ ಎಲ್ಲವೂ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಮೇ ತಿಂಗಳ ಬಿಸಿಲು ಹಾಗೆ ಇತ್ತು. ಊರಿನ ಪಡುವಣ ಅಂಚಿನಲ್ಲಿ ಬಂಡೆಗಳನ್ನು ಸೀಳಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ದಕ್ಷಿಣಕ್ಕೆ ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣದ ಕೆಲಸ ನಡೆದಿತ್ತು. ಎರಡೂ ಕಡೆಯ ಧೂಳು ಊರಿನ ಮೇಲೆ ಬಂದು ಸೇರಿ, ಮಧ್ಯಾಹ್ನವಾದರೆ ಆಕಾಶ ಹಾಲು ಒಡೆದ ಬಣ್ಣಕ್ಕೆ ತಿರುಗುತ್ತಿತ್ತು.

ನನ್ನ ಕೆಲಸವೂ ಆ ಆಕಾಶಕ್ಕೇ ಸಂಬಂಧಪಟ್ಟದ್ದು. ಫ್ರಿಜ್ಜು, ತಂಪು ಕೋಣೆಗಳಲ್ಲಿ ಬಹುಕಾಲ ಓಡಿದ್ದು ಆರ್-12 ಎಂಬ ಗ್ಯಾಸು. ಬಣ್ಣವಿಲ್ಲ, ಬೆಂಕಿ ಹತ್ತುವುದಿಲ್ಲ, ಮೂಸಿದರೆ ಎಲ್ಲೋ ದೂರದಲ್ಲಿ ಸಿಹಿ ಕಾಯಿಸಿದಂಥ ಸಣ್ಣ ವಾಸನೆ. ಅದು ಹೊರಗೆ ಬಿದ್ದರೆ ಮೇಲೇರಿ ಓಜೋನ್ ಪದರವನ್ನು ತಿನ್ನುತ್ತದೆ ಎಂದು ದೇಶ ದೇಶಗಳು ಒಪ್ಪಂದ ಮಾಡಿಕೊಂಡಿದ್ದವು. ನಮ್ಮ ಸರ್ಕಾರವೂ ಅದರ ತಯಾರಿಕೆಯನ್ನು ವರ್ಷದಿಂದ ವರ್ಷಕ್ಕೆ ಕಡಿತ ಮಾಡುತ್ತ, ಪೂರ್ತಿ ನಿಲ್ಲಿಸುವ ಹೊಸ್ತಿಲಿಗೆ ತಂದಿತ್ತು. ಹಳೇ ಯಂತ್ರಗಳಲ್ಲಿ ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಹಿಡಿದು, ಶುದ್ಧ ಮಾಡಿ, ಮತ್ತೆ ಬಳಸುವುದನ್ನು ಬೀದಿಯ ಮೆಕ್ಯಾನಿಕ್‌ಗಳಿಗೆ ಕಲಿಸಲು ಒಂದು ಯೋಜನೆ ಇತ್ತು. ನಾನು ಆ ಯೋಜನೆಯ ಶಿಕ್ಷಕಿ. ಎರಡು ದಿನದ ಪಾಠ, ಕೊನೆಗೊಂದು ಪ್ರಾಯೋಗಿಕ ಪರೀಕ್ಷೆ, ಒಂದು ಪ್ರಮಾಣಪತ್ರ. ಗ್ಯಾಸು ಹಿಡಿಯುವ ಯಂತ್ರ ನಮ್ಮಲ್ಲಿದ್ದದ್ದು ಒಂದೇ.

ಆಸ್ಪತ್ರೆಗೆ ಹೊರಡುವ ಮೊದಲು ರೈಲು ನಿಲ್ದಾಣದ ಹಿಂದಿನ ಗಲ್ಲಿಗೆ ಹೋಗಿ ಉಸ್ತಾದರನ್ನು ಕರೆದುಕೊಂಡೆ. ಅವರದು ಅಲ್ಲಿ ಚಿಕ್ಕ ವರ್ಕ್‌ಶಾಪು. ಊರಿನ ಅರ್ಧದಷ್ಟು ಫ್ರಿಜ್ಜು ಮೆಕ್ಯಾನಿಕ್‌ಗಳು ಅವರ ಕೈಕೆಳಗೆ ಕಲಿತವರು. ಮನೆಮಾತು ದಖನಿ ಉರ್ದು, ಆದರೆ ಬಾಲ್ಯ ಆಳಂದದಲ್ಲಿ ಕಳೆದದ್ದರಿಂದ ಕನ್ನಡ ನನಗಿಂತ ಸೊಗಸು. ಹಳೇ ಕಾಲದ ಯಂತ್ರ ಎಂದರೆ ನನಗೆ ಪುಸ್ತಕದ ಚಿತ್ರ, ಅವರಿಗೆ ನೆಂಟರಿದ್ದಂತೆ.

ತಂಪು ಕೋಣೆಗೆ ಎರಡು ಯಂತ್ರಗಳಿದ್ದವು. ಒಂದು ಎಂದೋ ನಿಂತು, ಅದರ ಭಾಗಗಳನ್ನು ಇನ್ನೊಂದಕ್ಕೆ ಕಳಚಿ ಹಾಕಿದ್ದರು. ಓಡುತ್ತಿದ್ದುದು ಮೋಟಾರು ಹೊರಗಿದ್ದು ಬೆಲ್ಟಿನಿಂದ ತಿರುಗುವ ಹಳೇ ಮಾದರಿಯ ಕಂಪ್ರೆಸರ್. ನಾನು ಸೋರಿಕೆ ಹುಡುಕುವ ದೀಪ ಹಚ್ಚಿದೆ. ಅದರ ಜ್ವಾಲೆ ನೀಲಿ. ದೀಪಕ್ಕೆ ಜೋಡಿಸಿದ ಕೊಳವೆಯ ತುದಿಯನ್ನು ಪೈಪುಗಳ ಉದ್ದಕ್ಕೂ ನಿಧಾನವಾಗಿ ಆಡಿಸುತ್ತ ಹೋಗಬೇಕು. ಎಲ್ಲಿ ಗ್ಯಾಸು ಸೋರುತ್ತದೋ ಅಲ್ಲಿ ಜ್ವಾಲೆ ಹಸಿರಾಗುತ್ತದೆ. ಕಿಟಕಿಗಳನ್ನೆಲ್ಲ ತೆಗೆಸಿದ್ದೆ, ಆ ಹೊಗೆ ಒಳ್ಳೆಯದಲ್ಲ. ಬೆಸುಗೆಗಳಲ್ಲಿ ನೀಲಿ, ಕವಾಟಗಳಲ್ಲಿ ನೀಲಿ. ಕಂಪ್ರೆಸರಿನಿಂದ ತಿರುಗುವ ದಂಡ ಹೊರಬರುವ, ಗ್ಯಾಸು ತಡೆಯುವ ಉಂಗುರವಿರುವ ಜಾಗಕ್ಕೆ ಬಂದಾಗ ಜ್ವಾಲೆ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿ ಎತ್ತರಕ್ಕೆ ಎದ್ದಿತು. ಅಕ್ಕ, ಉಸ್ತಾದ್, ನಾನು ಮೂವರೂ ಅದನ್ನೇ ನೋಡಿದೆವು. ಅಷ್ಟು ಚೆಂದವಿರಬಾರದಿತ್ತು ಅದು.

"ಸೀಲ್ ಹೋಗೈತಿ" ಎಂದರು ಉಸ್ತಾದ್. "ಹೊಸಾದು ಸಿಗಂಗಿಲ್ಲ. ಇದನ್ನ ಬಿಚ್ಚಿ ಕನ್ನಡಿ ಮ್ಯಾಲ ಉಜ್ಜತೀನಿ. ನಾಳಿ ಸಂಜೀ ತನಕಾ ಟೈಮ್ ಕೊಡ್ರಿ."

ಸೀಲು ಸರಿಹೋದೀತು. ಹೋದ ಗ್ಯಾಸಿಗೆ ಬದಲು? ಹನ್ನೆರಡು ಕಿಲೋವಾದರೂ ಬೇಕು. ಅಕ್ಕನ ಮುಖ ಅರಳಿತು. "ಐತಲ್ಲ! ಹೋದ ತಿಂಗಳ ಒಬ್ಬ ಪೂರೈಕೆದಾರ ಕೊಟ್ಟು ಹೋಗ್ಯಾನ" ಎಂದು ಮೂಲೆಯಿಂದ ಒಂದು ಸಿಲಿಂಡರ್ ಉರುಳಿಸಿ ತಂದರು. ಮೇಲೆ ಆರ್-12 ಎಂದು ಅಂದವಾಗಿ ಅಚ್ಚಾಗಿತ್ತು.

ಪ್ರತಿ ಗ್ಯಾಸಿಗೂ ಒಂದು ಗುಣವಿದೆ: ಮುಚ್ಚಿದ ಸಿಲಿಂಡರಿನಲ್ಲಿ ಇಷ್ಟು ಬಿಸಿಗೆ ಇಷ್ಟೇ ಒತ್ತಡ. ಕೋಣೆಯ ಬಿಸಿ ಮೂವತ್ತೆಂಟು ಡಿಗ್ರಿ. ಸಿಲಿಂಡರಿಗೆ ಒತ್ತಡ ಮಾಪಕ ಜೋಡಿಸಿದೆ. ನನ್ನ ಪಟ್ಟಿಯ ಪ್ರಕಾರ ಅದರ ಮುಳ್ಳು ನೂರ ಹದಿನೇಳರ ಆಸುಪಾಸು ನಿಲ್ಲಬೇಕು. ಅದು ನೂರ ಐವತ್ತರ ಹತ್ತಿರ ನಿಂತಿತು. ಒಳಗಿರುವುದು ಆರ್-12 ಅಲ್ಲ, ಅಥವಾ ಅದರ ಜೊತೆ ಇನ್ನೇನೋ ಇದೆ. ಅಸಲಿ ಕಡಿಮೆಯಾದ ಕಾಲದಲ್ಲಿ ಅಡುಗೆ ಗ್ಯಾಸಿನ ಜಾತಿಯದನ್ನು ಬೆರೆಸಿ ಮಾರುವುದು ಶುರುವಾಗಿತ್ತು. ಹೊರಗೆ ಕಿಡಿ ಹಾರುವ ಮೋಟಾರಿರುವ ಯಂತ್ರಕ್ಕೆ, ಅದೂ ಮೇಲಿನ ಮಹಡಿಯಲ್ಲಿ ಬಾಣಂತಿಯರಿರುವ ಕಟ್ಟಡದಲ್ಲಿ, ಅದನ್ನು ತುಂಬುವುದು ನನ್ನಿಂದ ಆಗದು.

"ಎರಡ ದಿನದ ಮಟ್ಟಿಗರೇ ಹಾಕವಾ" ಎಂದರು ಅಕ್ಕ. "ಬುಧವಾರ ಒಂದು ದಾಟಲಿ."

"ಇಲ್ಲಕ್ಕಾ. ಎರಡ ತಾಸಿಗೂ ಹಾಕಂಗಿಲ್ಲ."

ಅವರು ನನ್ನ ಕಡೆ ನೋಡದೆ ಬಾಗಿಲ ಬಳಿ ನೇತುಹಾಕಿದ್ದ ತಾಪಮಾನದ ಹಾಳೆಯಲ್ಲಿ ಹತ್ತು ಎಂದು ಬರೆದು ಸಹಿ ಮಾಡಿದರು.

ಮೊದಲು ಲಸಿಕೆ ಉಳಿಸಬೇಕಿತ್ತು. ಆಸ್ಪತ್ರೆಯಲ್ಲಿದ್ದ ತಂಪು ಪೆಟ್ಟಿಗೆಗಳು ಸಾಲದೆ ಅಕ್ಕ ಬೇಗಂ ಬಜಾರಿಗೆ ಆಳು ಕಳಿಸಿ ಮತ್ತೆ ನಾಲ್ಕು ತರಿಸಿದರು. ನೀರು ತುಂಬಿ ಹೆಪ್ಪುಗಟ್ಟಿಸಿದ ಪ್ಲಾಸ್ಟಿಕ್ ಡಬ್ಬಿಗಳನ್ನು ನೇರವಾಗಿ ಇಟ್ಟರೆ ಕೆಲವು ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಅದಕ್ಕೆ ಪ್ರತಿಯೊಂದನ್ನೂ ಹೊರಗಿಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲಷ್ಟೇ ಜೋಡಿಸಬೇಕು. ಅಕ್ಕನೂ ಇಬ್ಬರು ದಾದಿಯರೂ ನೆಲದ ಮೇಲೆ ಕೂತು, ಒಂದೊಂದನ್ನೇ ಕಿವಿಗೆ ಹಿಡಿದು ಕಣ್ಣು ಮುಚ್ಚಿ ಕೇಳುತ್ತಿದ್ದರು. ಶಂಖ ಕೇಳಿಸಿಕೊಳ್ಳುವವರ ಹಾಗಿದ್ದರು. ಪೆಟ್ಟಿಗೆಗಳು ಹೆಚ್ಚೆಂದರೆ ಬುಧವಾರ ಮಧ್ಯಾಹ್ನದವರೆಗೆ ತಡೆಯುತ್ತವೆ ಎಂದು ಅಕ್ಕ ಲೆಕ್ಕ ಹೇಳಿದರು.

ನನಗೆ ಗೊತ್ತಿದ್ದ ಮಾರಾಟಗಾರರೆಲ್ಲ ಇಲ್ಲ ಎಂದರು. ಉಸ್ತಾದ್ ಅಂಗಳದ ಬೇವಿನ ಕೆಳಗೆ ಬಿಚ್ಚಿದ ಸೀಲನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ, ಕನಸಿನಲ್ಲಿದ್ದವರ ಹಾಗೆ, "ದ್ರಾಕ್ಷಿ" ಎಂದರು.

"ಏನ್ರಿ?"

"ಶಂಶಾಬಾದ್ ಹತ್ರ ಒಂದು ದ್ರಾಕ್ಷಿ ಗೋದಾಮು ಇತ್ತು, ಬೇಟಾ. ನಾನ ಕೂಡಿಸಿದ ಮಷೀನು. ದೊಡ್ಡ ಗೋದಾಮಿಗೆಲ್ಲ ಅಮೋನಿಯಾ ಹಾಕತಾರ, ಆದ್ರ ಆ ಮಾಲಕಗ ಅದರ ನಾತ ಆಗತಿರಲಿಲ್ಲ. ದ್ರಾಕ್ಷಿಗೆ ಹತ್ತತೈತಿ ಅಂತಿದ್ದ. ಆರ್-12 ಹಾಕಿಸಿದ. ಬಾಗಿಲಾ ಮುಚ್ಚಿ ಭಾಳ ವರ್ಷ ಆತು. ಗ್ಯಾಸು ಒಳಗ ಮಲಗಿದ್ರೂ ಮಲಗಿರಬೇಕು."

ಆ ಮಧ್ಯಾಹ್ನವೇ ಜೀಪಿನಲ್ಲಿ ಹೋದೆವು. ದಾರಿಯುದ್ದಕ್ಕೂ ಹೊಸ ಬಡಾವಣೆಗಳ ಕಲ್ಲುಕಂಬಗಳು, ಬಿಸಿಲಿಗೆ ನಡುಗುವ ಡಾಂಬರು. ದ್ರಾಕ್ಷಿ ತೋಟ ಇದ್ದ ಕಡೆ ಬಳ್ಳಿಯ ಕಂಬಗಳು ಮಾತ್ರ ಉಳಿದು, ತಂತಿಗಳ ಮೇಲೆ ಏನೂ ಇಲ್ಲದೆ ನಿಂತಿದ್ದವು. ಅದರಾಚೆ ಗೋದಾಮು ಇನ್ನೂ ಇತ್ತು. ಸುತ್ತ ನೀಲಿ ತಗಡಿನ ಬೇಲಿ. ಒಂದು ಸಾಫ್ಟ್‌ವೇರ್ ಕಂಪನಿಯ ಆವರಣ ಬರುವುದಿತ್ತು. ಮೈಸೂರಿನ ಸೈಟ್ ಎಂಜಿನಿಯರ್ ಒಬ್ಬ, ಮೂವತ್ತರೊಳಗಿನವನು, ನಮ್ಮ ಕನ್ನಡ ಕೇಳಿ ಹೆಲ್ಮೆಟ್ ತೆಗೆದು ಹತ್ತಿರ ಬಂದ.

"ನಾಳೆ ಇದನ್ನೆಲ್ಲ ತೆಗೀತಾ ಇದ್ದೀವಿ ಮೇಡಂ. ಬೆಳಿಗ್ಗೆ ಗುಜರಿಯವರು ಬಂದು ಪೈಪೆಲ್ಲ ಕತ್ತರಿಸ್ತಾರೆ. ನಾಲ್ಕು ಗಂಟೆಗೆ ಹಿಂದ್ಗಡೆ ಬಂಡೆಗೆ ಬ್ಲಾಸ್ಟಿಂಗ್. ಆಗ ಒಳಗೆ ಒಂದು ನರಪಿಳ್ಳೆ ಇರೋ ಹಾಗಿಲ್ಲ."

ಉಸ್ತಾದ್ ಅಷ್ಟರಲ್ಲಿ ಒಳಗೆ ಹೋಗಿ, ಗ್ಯಾಸಿನ ದೊಡ್ಡ ತೊಟ್ಟಿಗೆ ನನ್ನ ಒತ್ತಡ ಮಾಪಕ ಜೋಡಿಸಿದ್ದರು. ಮುಳ್ಳು ಎದ್ದು ನಿಂತಿತು. ಇತ್ತು. ಅಷ್ಟು ವರ್ಷ ಕತ್ತಲಲ್ಲಿ ಯಾರಿಗೂ ಬೇಡವಾಗಿ ಇದ್ದೇ ಇತ್ತು.

ಗುಜರಿಯವರು ಬೆಂಕಿಯ ಕತ್ತರಿಯಿಂದ ಕೊಯ್ದರೆ ಗ್ಯಾಸು ಆಕಾಶಕ್ಕೆ ಹೋಗುವುದಷ್ಟೇ ಅಲ್ಲ, ಬೆಂಕಿಗೆ ಸಿಕ್ಕಿ ಶ್ವಾಸಕೋಶ ಸುಡುವ ವಿಷವಾಗುತ್ತದೆ ಎಂದು ಎಂಜಿನಿಯರಿಗೆ ಹೇಳಿದೆ. ಅವನು ಗಾಬರಿಯಾದ. "ಅವರನ್ನ ನಾಲ್ಕರ ಮೇಲೆ ಬರೋಕೆ ಹೇಳ್ತೀನಿ. ಆದ್ರೆ ಬ್ಲಾಸ್ಟಿಂಗ್ ಮುಂದಕ್ಕೆ ಹಾಕೋಕಾಗಲ್ಲ, ಪರವಾನಗಿ ಒಂದೇ ದಿನಕ್ಕೆ ಇರೋದು. ಮೂರೂವರೆಗೆ ನೀವು ಹೊರಗಿರ್ಬೇಕು."

ಮರುದಿನ ಮಂಗಳವಾರ, ಹಿಂದಿನ ವಾರ ಪಾಠ ಮುಗಿಸಿದ್ದ ನನ್ನ ತರಗತಿಯ ಹದಿನೆಂಟು ಮಂದಿಗೆ ಪ್ರಾಯೋಗಿಕ ಪರೀಕ್ಷೆ. ಒಂದೇ ಯಂತ್ರ. ಪರೀಕ್ಷೆ ಮುಂದೂಡಿದರೆ ದಿನಗೂಲಿ ಬಿಟ್ಟು ಬಂದವರಿಗೆ ಇನ್ನೊಂದು ದಿನ ಹೋಗುತ್ತದೆ. ಮುಂದೂಡದಿದ್ದರೆ ಇಲ್ಲಿಗೆ ಯಂತ್ರವಿಲ್ಲ. ಜೀಪಿನಲ್ಲಿ ವಾಪಸು ಬರುವಾಗ ತೂಕಡಿಕೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಮಂಪರಿನಲ್ಲಿ, ಹದಿನೆಂಟು ಜನ ಆ ಗೋದಾಮಿನೊಳಗೆ ಓಡಾಡುತ್ತಿರುವ ಹಾಗೆ ಕಂಡಿತು. ಕಣ್ಣು ಬಿಟ್ಟ ಮೇಲೂ ಅದು ಸರಿಯೆಂದೇ ತೋರಿತು. ನಮ್ಮ ಪ್ರಾಂಶುಪಾಲರಿಗೆ ಫೋನು ಮಾಡಿ, ಪರೀಕ್ಷೆಯನ್ನು ಅಲ್ಲೇ ನಡೆಸುತ್ತೇನೆ ಎಂದೆ. ಅವರು "ಹೊರಗೆ ಮಾಡಬಾರದೆಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಮಾಡಿ" ಎಂದರು.

ಮಂಗಳವಾರ ಎಂಟಕ್ಕೆಲ್ಲ ಗೋದಾಮಿನಲ್ಲಿದ್ದೆವು. ಒಳಗೆ ಕಾಲಿಟ್ಟಾಗ ಎಲ್ಲರ ದನಿಯೂ ತಾನಾಗಿ ತಗ್ಗಿತು. ಗೋಡೆಗಳಿಗೆ ದಪ್ಪ ಬೆಂಡಿನ ಹಲಗೆ. ಸದ್ದನ್ನೆಲ್ಲ ಅದು ಹೀರಿಕೊಳ್ಳುತ್ತಿತ್ತು. ಮಾಡಿನ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದಿದ್ದವು. ಯಾವ ಕಾಲದ್ದೋ, ಒಣದ್ರಾಕ್ಷಿಯ ಹುಳಿಸಿಹಿ ವಾಸನೆ ಇನ್ನೂ ಇತ್ತು. ಒಬ್ಬ ಮೆಕ್ಯಾನಿಕ್ ಚಪ್ಪಲಿ ಹೊರಗೆ ಬಿಟ್ಟು ಬಂದ. ಕಾಲಿಗೆ ಏನಾದರೂ ಚುಚ್ಚೀತು ಎಂದು ಬೈದು ಮತ್ತೆ ಹಾಕಿಸಬೇಕಾಯಿತು.

ಮೊದಲ ತೊಡಕು ತೊಟ್ಟಿಯ ಕೆಳಗಿನ ಕವಾಟ. ಗ್ಯಾಸು ಅಲ್ಲಿ ದ್ರವವಾಗಿ ನಿಂತಿರುತ್ತದೆ. ದ್ರವವನ್ನೇ ತೆಗೆದರೆ ಬೇಗ ಮುಗಿಯುತ್ತದೆ. ಕವಾಟ ತುಕ್ಕು ಹಿಡಿದು ತಿರುಗಲಿಲ್ಲ. ಉಸ್ತಾದ್ ಯಾರನ್ನೂ ಮುಟ್ಟಲು ಬಿಡಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಎಣ್ಣೆ ಬಿಟ್ಟು, ಸುತ್ತಿಗೆಯ ಹಿಡಿಯಿಂದ ಟಕ ಟಕ ಎಂದು ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತ ಮುಕ್ಕಾಲು ತಾಸು ಕೂತರು. ಕೊನೆಗೆ ಅದು ಒಂದು ಕೂದಲೆಳೆಯಷ್ಟು ತಿರುಗಿತು, ಆಮೇಲೆ ಅರ್ಧ ಸುತ್ತು.

ವಿದ್ಯುತ್ತಿನ ಸಂಪರ್ಕ ಕಡಿದಿತ್ತು. ಎಂಜಿನಿಯರ್ ತನ್ನ ಜನರೇಟರ್ ಕೊಟ್ಟ. ನಮ್ಮ ಯಂತ್ರ ಸಿಲಿಂಡರಿನ ಮೇಲಿನ ಆವಿಯನ್ನು ಎಳೆದು ತೊಟ್ಟಿಯ ಮೇಲ್ಭಾಗಕ್ಕೆ ಒತ್ತುತ್ತಿತ್ತು. ಆ ಒತ್ತಡಕ್ಕೆ ಕೆಳಗಿನ ದ್ರವ ಇನ್ನೊಂದು ಕೊಳವೆಯಿಂದ ಸಿಲಿಂಡರಿಗೆ ಹರಿದು ಬರುತ್ತಿತ್ತು. ನಡುವಿನ ಗಾಜಿನ ಕಿಂಡಿಯಲ್ಲಿ ಅದು ಕಾಣುತ್ತಿತ್ತು: ನೀರಿಗಿಂತ ತಿಳಿ, ನೀರಿಗಿಂತ ಅವಸರ. ಹದಿನೆಂಟು ಜನ ಸರದಿಯ ಮೇಲೆ ಬಂದು ಕೊಳವೆ ಜೋಡಿಸಿದರು, ತಕ್ಕಡಿ ನೋಡಿದರು. ಸಿಲಿಂಡರಿನ ಹತ್ತರಲ್ಲಿ ಎಂಟು ಪಾಲಷ್ಟೇ ತುಂಬಬೇಕು, ಇಲ್ಲವಾದರೆ ಬಿಸಿಲಿಗೆ ಒಡೆದೀತು. ನಾನು ಪ್ರತಿಯೊಬ್ಬರಿಗೂ ಅಂಕ ಹಾಕುತ್ತಿದ್ದೆ. ಪರೀಕ್ಷೆ ಪರೀಕ್ಷೆಯೇ.

ಹನ್ನೆರಡರ ಹೊತ್ತಿಗೆ ಎರಡು ಸಿಲಿಂಡರ್ ತುಂಬಿದವು. ಆಸ್ಪತ್ರೆಗೆ ಬೇಕಾದದ್ದಕ್ಕಿಂತ ಹೆಚ್ಚೇ. ರೊಟ್ಟಿ ತಿನ್ನಲು ಗೋಡೆಯ ನೆರಳಿಗೆ ಕೂತಾಗ ಉಸ್ತಾದ್ ಕೇಳಿದರು.

"ಬೇಟಾ, ನೀ ಕ್ಲಾಸಿನ್ಯಾಗ ಏನ ಹೇಳತೀ? ಇದು ಹೊರಗ ಹೋದ್ರ ಎಷ್ಟ ದಿನಾ ಇರತೈತಿ?"

"ನೂರು ವರ್ಷದ ಹತ್ತರ ಅಂತಾರ್ರಿ."

ಅವರು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟರು. "ನಾವು ಪೈಪು ತೊಳ್ಯಾಕೂ ಇದನ್ನ ಬಿಡತಿದ್ವಿ. ಧೂಳು ಊದಾಕೂ ಇದನ್ನ. ಬ್ಯಾಸಿಗ್ಯಾಗ ಅಂಗೀ ಒಳಗ ಬಿಟ್ಕೊಂಡು ನಗತಿದ್ವಿ, ತಂಪ ಹತ್ತತೈತಿ ಅಂತ. ಹಂಗಾರ ಅದೆಲ್ಲಾ ಇನ್ನೂ ಮ್ಯಾಲ ಐತೇನು?"

"ಐತ್ರಿ."

ಅವರು ತಲೆಯೆತ್ತಿ ನೋಡಲಿಲ್ಲ. ಕೈ ತೊಳೆಯಲು ಎದ್ದುಹೋದರು. ನಾನು ಹಾಗೆ ನೇರವಾಗಿ ಹೇಳಬಾರದಿತ್ತೇನೋ ಎಂದು ಈಗಲೂ ಕೆಲವೊಮ್ಮೆ ಅನಿಸುತ್ತದೆ. ಆದರೆ ಅವರು ಕೇಳಿದ್ದು ಸುಳ್ಳನ್ನಲ್ಲ.

ದ್ರವ ಮುಗಿದ ಮೇಲೆ ಉಳಿಯುವುದು ಆವಿ. ಉದ್ದುದ್ದ ಪೈಪುಗಳಲ್ಲಿ, ತಂಪು ಕೋಣೆಗಳ ಸುರುಳಿಗಳಲ್ಲಿ ಹರಡಿರುತ್ತದೆ. ಅದನ್ನು ಎಳೆಯುವ ಕೆಲಸ ನಿಧಾನ. ಎರಡೂವರೆಗೆ ಯಂತ್ರ ತಾನಾಗಿ ನಿಂತಿತು. ನಲವತ್ತೆರಡು ಡಿಗ್ರಿ ಬಿಸಿಲಿಗೆ ಅದರ ಒತ್ತಡ ಮಿತಿ ಮೀರಿತ್ತು. ಹತ್ತು ನಿಮಿಷ ಬಿಟ್ಟು ಶುರು ಮಾಡಿದರೆ ಐದು ನಿಮಿಷಕ್ಕೆ ಮತ್ತೆ ನಿಂತಿತು.

"ನಮಗ ಬೇಕಾದಷ್ಟು ಆತು" ಎಂದರು ಉಸ್ತಾದ್. "ಸೀಲ್ ಇನ್ನೂ ಕೂಡಸಬೇಕು. ನಡೀ, ಹೋಗೂನು."

ಅದು ನ್ಯಾಯದ ಮಾತು. ಮಕ್ಕಳ ಲಸಿಕೆಗೆ ಬೇಕಾದದ್ದು ಕೈಯಲ್ಲಿತ್ತು, ಪೆಟ್ಟಿಗೆಯ ಹಿಮ ಕರಗುತ್ತಿತ್ತು, ಒಂದು ತಾಸಿನಲ್ಲಿ ಬಂಡೆ ಸಿಡಿಯುವುದಿತ್ತು. ಪೈಪುಗಳಲ್ಲಿ ಉಳಿದದ್ದನ್ನು ನಾನು ಬಿಟ್ಟು ಹೋದರೆ ಕೇಳುವವರು ಯಾರೂ ಇರಲಿಲ್ಲ. ಗ್ಯಾಸನ್ನು ಗಾಳಿಗೆ ಬಿಡಬೇಡಿ ಎನ್ನುವ ಸರ್ಕಾರದ ಕಾಗದ ನನ್ನ ಚೀಲದಲ್ಲೇ ಇತ್ತು. ಬಿಟ್ಟವರನ್ನು ಹಿಡಿಯುವ ಕೈ ಎಲ್ಲೂ ಇರಲಿಲ್ಲ. ಆದರೆ ಹದಿನೆಂಟು ಮಂದಿ ನನ್ನ ಮುಖ ನೋಡುತ್ತಿದ್ದರು. ಎರಡು ದಿನ ತರಗತಿಯಲ್ಲಿ ಕೊನೆಯ ಉಸಿರಿನವರೆಗೂ ಎಳೆಯಿರಿ ಎಂದು ಪಾಠ ಹೇಳಿದವಳು ನಾನೇ. ಇಲ್ಲಿ ಅರ್ಧಕ್ಕೆ ಎದ್ದರೆ ನಾಳೆಯಿಂದ ಇವರು ಪ್ರತಿ ಮನೆಯಲ್ಲೂ ಅರ್ಧಕ್ಕೆ ಏಳುತ್ತಾರೆ.

"ನೀವು ಸಿಲಿಂಡರ್ ತಗೊಂಡು ಜೀಪಿನ್ಯಾಗ ನಡೀರಿ, ಉಸ್ತಾದ್. ಸೀಲ್ ಕೂಡಸ್ರಿ. ನಾ ಮುಗಿಸಿ ಬರತೀನಿ."

ಅವರಿಗೆ ಸಿಟ್ಟು ಬಂತು. "ಹಟಾ ಮಾಡಬ್ಯಾಡ. ಒಂದ ಕಿಲೋ ಗ್ಯಾಸಿಗೆ ಜೀವ ಕೊಡತೀ ಏನು?" ಎಂದವರೇ, ಎರಡೂ ಸಿಲಿಂಡರ್‌ಗಳನ್ನು ಜೀಪಿಗೆ ಹಾಕಿಸಿಕೊಂಡು ಹೊರಟುಹೋದರು.

ಮೆಕ್ಯಾನಿಕ್‌ಗಳಲ್ಲೊಬ್ಬ ಕಾರ್ಮಿಕರ ಶೆಡ್ಡಿನಿಂದ ಗೋಣಿಚೀಲ ತಂದು ನೀರಿನಲ್ಲಿ ಅದ್ದಿ ಸಿಲಿಂಡರಿಗೆ ಹೊದಿಸಿದ. ಇನ್ನೊಬ್ಬ ಯಂತ್ರಕ್ಕೆ ರಟ್ಟಿನಿಂದ ಗಾಳಿ ಬೀಸತೊಡಗಿದ. ಉಳಿದವರು ಸಾಲಾಗಿ ನಿಂತು ಬಕೆಟ್ಟು ಕೈಯಿಂದ ಕೈಗೆ ಸಾಗಿಸಿದರು. ಸಿಲಿಂಡರ್ ತಂಪಾದಂತೆ ಯಂತ್ರ ನಿಲ್ಲದೆ ಓಡಿತು. ಮುಳ್ಳು ನಲವತ್ತು, ಮೂವತ್ತು, ಹದಿನೈದು ಎಂದು ಇಳಿಯಿತು. ಬಿಸಿಲಿನ ಕೋಲುಗಳು ನೆಲದ ಮೇಲೆ ಸರಿದು ಗೋಡೆ ಹತ್ತಿದವು. ಯಂತ್ರದ ಗುಂಯ್ ಎನ್ನುವ ಒಂದೇ ಸದ್ದಿನಲ್ಲಿ ನಾವೆಲ್ಲ ಎಚ್ಚರವಾಗಿಯೇ ನಿದ್ದೆ ಹೋದಂತಿದ್ದೆವು.

ಎಂಜಿನಿಯರ್ ಮೂರೂವರೆಗೆ ಬಾಗಿಲಲ್ಲಿ ನಿಂತ. "ಮೇಡಂ."

"ಹತ್ತೇ ನಿಮಿಷ."

ಅವನು ಕೈಗಡಿಯಾರ ನೋಡಿಕೊಂಡ. ಒಳಗೆ ಬಂದು ಮಾಪಕದ ಮುಂದೆ ಕುಕ್ಕರುಗಾಲಲ್ಲಿ ಕೂತ. "ಸೊನ್ನೆ ಆದ್ರೆ ಮುಗೀತಾ?"

"ಸೊನ್ನೆಗಿಂತ ಕೆಳಗೆ ಹೋಗಬೇಕು. ಹೋಗಿ ಅಲ್ಲೇ ನಿಲ್ಲಬೇಕು."

ಮೂರು ನಲವತ್ತೆರಡಕ್ಕೆ ಮುಳ್ಳು ಸೊನ್ನೆ ದಾಟಿತು. ಮೂರು ನಿಮಿಷ ಕಾದೆವು, ಮೇಲೆ ಬರಲಿಲ್ಲ. ಕೊಳವೆ ಕಳಚಿ, ಮೂರನೆಯ ಸಿಲಿಂಡರ್ ಹೊತ್ತು ಎಲ್ಲರೂ ಓಡಿದೆವು. ತಲೆ ಎಣಿಸಿಕೊಳ್ಳುತ್ತ ಎಂಜಿನಿಯರ್ ಕಡೆಯವನಾಗಿ ಬಂದ. ರಸ್ತೆಯ ಆಚೆ ನಿಂತಾಗ ಸೈರನ್ ಕೂಗಿತು. ನೆಲ ಒಮ್ಮೆ ಮೆಲ್ಲಗೆ ಎದ್ದು ಕೂತಂತಾಯಿತು. ಗೋದಾಮಿನ ಹಿಂದೆ ಗುಲಾಬಿ ಬಣ್ಣದ ಧೂಳು ಸದ್ದಿಲ್ಲದೆ ಮೇಲೇರಿತು, ಸದ್ದು ಆಮೇಲೆ ಬಂದು ತಲುಪಿತು.

ಆಸ್ಪತ್ರೆಗೆ ಬಂದಾಗ ಉಸ್ತಾದ್ ಕಿಟಕಿಯ ಗಾಜಿನ ತುಂಡಿನ ಮೇಲೆ ಎಣ್ಣೆ, ನುಣ್ಣನೆಯ ಪುಡಿ ಹಚ್ಚಿ ಸೀಲನ್ನು ಎಂಟರ ಆಕಾರದಲ್ಲಿ ಉಜ್ಜುತ್ತಿದ್ದರು. ನನ್ನ ಕಡೆ ನೋಡಲಿಲ್ಲ. "ಮುಗೀತೇನು?" ಎಂದರು.

"ಮುಗೀತ್ರಿ."

"ಎಷ್ಟು?"

"ಆವೀನ ಒಂಬತ್ತು ಕಿಲೋ."

ಕೈ ನಿಂತಿತು. ಮತ್ತೆ ಉಜ್ಜತೊಡಗಿದರು.

ಸೀಲು ಕೂಡಿಸಿ, ಸಾರಜನಕ ತುಂಬಿ ಸಾಬೂನಿನ ನೊರೆ ಹಚ್ಚಿ ನೋಡಿದೆವು, ಗುಳ್ಳೆ ಏಳಲಿಲ್ಲ. ನಿರ್ವಾತ ಪಂಪು ಹಚ್ಚಿ, ಬೆಳಗಿನ ತನಕ ಓಡಲು ಬಿಟ್ಟೆವು. ಹಿಡಿದು ತಂದ ಗ್ಯಾಸು ಅಷ್ಟರೊಳಗೆ ಕದಲದೆ ನಿಂತು ಕೋಣೆಯ ಬಿಸಿಗೆ ಹೊಂದಿಕೊಳ್ಳಬೇಕಿತ್ತು.

ಬುಧವಾರ ಬೆಳಿಗ್ಗೆ ಆರಕ್ಕೆ ಕೋಣೆಯ ಬಿಸಿ ಇಪ್ಪತ್ತೆಂಟು. ಆ ಬಿಸಿಗೆ ಒತ್ತಡ ಎಂಬತ್ತೇಳು ಬರಬೇಕು. ಮುಳ್ಳು ತೊಂಬತ್ತೊಂದು ತೋರಿಸಿತು. ಅಕ್ಕ ನನ್ನ ಭುಜದ ಹಿಂದೆಯೇ ನಿಂತಿದ್ದರು, ಅವರ ಉಸಿರು ಕೇಳುತ್ತಿತ್ತು. ಮೋಸದ ಗ್ಯಾಸಿನಷ್ಟು ಅಂತರವಲ್ಲ. ಕೊಳವೆ ಬದಲಿಸುವಾಗ ಸ್ವಲ್ಪ ಗಾಳಿ ಸೇರಿರಬೇಕು. ಗಾಳಿ ಸಿಲಿಂಡರಿನ ನೆತ್ತಿಯಲ್ಲಿ ನಿಲ್ಲುತ್ತದೆ. ಅದನ್ನು ತೆಗೆಯಬೇಕಾದರೆ ಮೇಲಿನ ಕವಾಟವನ್ನು ಒಂದು ಗಳಿಗೆ ತೆರೆಯಬೇಕು. ಗಾಳಿಯ ಜೊತೆ ಚೂರು ಗ್ಯಾಸೂ ಹೋಗುತ್ತದೆ. ಬೇರೆ ದಾರಿಯಿಲ್ಲ. ಎರಡು ಸಲ, ಎರಡು ಉಸಿರಿನಷ್ಟು ಬಿಟ್ಟೆ. ಮುಳ್ಳು ಎಂಬತ್ತೇಳಕ್ಕೆ ಬಂದು ನಿಂತಿತು. ಎಣ್ಣೆಯ ಹನಿ ತೆಗೆದು ಆಮ್ಲ ಪರೀಕ್ಷೆ ಮಾಡಿದೆ. ದ್ರಾವಣದ ಬಣ್ಣ ಬದಲಾಗಲಿಲ್ಲ. ತೇವ ಹೀರುವ ಸೋಸಣಿಗೆಯ ಮೂಲಕ ಗ್ಯಾಸನ್ನು ಹಾಯಿಸಿ ಯಂತ್ರಕ್ಕೆ ತುಂಬಿದೆವು.

ಉಸ್ತಾದ್ ಕೈಯಿಂದ ಒಮ್ಮೆ ಚಕ್ರ ತಿರುಗಿಸಿ ನೋಡಿ ಸ್ವಿಚ್ಚು ಹಾಕಿದರು. ಬೆಲ್ಟು ಕೂಗಿ, ಆಮೇಲೆ ಹದಕ್ಕೆ ಬಂತು. ಪೈಪಿನ ಮೇಲೆ ಮೊದಲು ಬೆವರು, ಬೆವರಿನ ಮೇಲೆ ಬಿಳಿಯ ಪುಡಿ. ಕೋಣೆ ಇಪ್ಪತ್ತು, ಹದಿನಾಲ್ಕು, ಒಂಬತ್ತು ಎಂದು ಇಳಿಯತೊಡಗಿತು.

ಅಂಗಳದಲ್ಲಿ ಒಂಬತ್ತಕ್ಕೇ ತಾಯಂದಿರು ಸೇರಿದ್ದರು. ಅಕ್ಕ ಪೆಟ್ಟಿಗೆಗಳನ್ನು ತೆಗೆದು ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಪೋಲಿಯೊ ಬಾಟಲಿಯ ಮೇಲೆ ಕಡು ಬಣ್ಣದ ಒಂದು ಸುತ್ತು, ಅದರೊಳಗೆ ಒಂದು ಬಿಳಿ ಚೌಕ. ಬಿಸಿ ತಾಗಿದರೆ ಚೌಕ ಕಪ್ಪಾಗುತ್ತ ಬರುತ್ತದೆ. ಒಂದು ಪೆಟ್ಟಿಗೆಯಲ್ಲಿ ಚೌಕಗಳು ಸುತ್ತಿನಷ್ಟೇ ಕಪ್ಪಾಗಿದ್ದವು. ಆ ಪೆಟ್ಟಿಗೆ ಪೂರ್ತಿ ಹೋಯಿತು. ಅಕ್ಕ ಅದನ್ನು ಬದಿಗಿಟ್ಟು, ಮುಚ್ಚಳದ ಮೇಲೆ ಬಳಸಬಾರದು ಎಂದು ಬರೆದರು. ಉಳಿದದ್ದೆಲ್ಲ ನೆಟ್ಟಗಿತ್ತು. ಬಾಗಿಲು ತೆರೆದು ಅವರು ತೆಲುಗಿನಲ್ಲಿ ಮೊದಲನೆಯವಳನ್ನು ಕರೆದರು. ಸೂಜಿ ತಾಗಿದ ಮಗುವಿನ ಅಳು ಕೇಳಿ ಸಾಲಿನಲ್ಲಿದ್ದ ಮಕ್ಕಳೆಲ್ಲ ಒಟ್ಟಿಗೆ ಅಳಲು ಶುರುಮಾಡಿದವು. ನಾನು ಬೆಂಚಿನ ಮೇಲೆ ಕೂತವಳು ಆ ಗದ್ದಲದ ನಡುವೆಯೇ ನಿದ್ದೆ ಹೋದೆ.

ಎದ್ದಾಗ ಮಧ್ಯಾಹ್ನ. ಅಂಗಳ ಖಾಲಿ. ಬಾಗಿಲ ಹಾಳೆಯಲ್ಲಿ ನಾಲ್ಕು ಎಂದು ಬರೆದಿತ್ತು. ಅದರ ಮೇಲಿನ ಸಾಲುಗಳಲ್ಲಿ ಒಂಬತ್ತೂವರೆ, ಹತ್ತು, ಹದಿಮೂರು, ಎಲ್ಲ ಇದ್ದವು. ಎಲ್ಲದರ ಮುಂದೆಯೂ ಸಹಿ.

"ಇದನ್ನ ಮ್ಯಾಲಿನವರು ನೋಡಿದ್ರ?" ಎಂದೆ.

"ನೋಡಲಿ. ನೋಡಲಂತನ ಬರದೀನಿ."

ಅವರಿಗೆ ಮೆಮೋ ಬಂತು. ಒಂದು ಪೆಟ್ಟಿಗೆ ಲಸಿಕೆ ಹೇಗೆ ಕೆಟ್ಟಿತು, ವಿವರಣೆ ಕೊಡಿ ಎಂದು. ಅವರು ಹಾಳೆಯ ಪ್ರತಿಯನ್ನೂ, ಮೋಸದ ಸಿಲಿಂಡರಿನ ಬಗ್ಗೆ ನಾನು ಬರೆದುಕೊಟ್ಟ ವರದಿಯನ್ನೂ ಲಗತ್ತಿಸಿ ಕಳಿಸಿದರು. ಯಾವುದೋ ಮೇಜಿನ ಮೇಲೆ ಮಲಗಿದ್ದ ಹೊಸ ಯಂತ್ರದ ಕಡತ ಅದರಿಂದಲೇ ಎದ್ದಿರಬೇಕು. ಮಳೆಗಾಲ ಹಿಡಿಯುವ ಮೊದಲು ಯಂತ್ರ ಬಂತು. ಅದರ ಗ್ಯಾಸು ಬೇರೆ. ಓಜೋನಿಗೆ ತೊಂದರೆಯಿಲ್ಲ, ಆದರೆ ಸೋರಿದರೆ ಭೂಮಿಯನ್ನು ಬಿಸಿ ಮಾಡುತ್ತದೆ. ಅಂದರೆ ಅದೂ ಒಂದು ದಿನ ಹೋಗಬೇಕಾದದ್ದೇ. ಅಕ್ಕನಿಗೆ ಅದನ್ನು ಹೇಳಿದಾಗ, "ಹೋಗಲಿ ಬಿಡವಾ, ಅದು ಹೋಗೂ ಮುಂದ ಇನ್ನೊಂದು ಬರೂ ತನಕ ಮಕ್ಕಳಿಗೆ ಚುಚ್ಚಾಕ ಬಂದ್ರ ಸಾಕು" ಎಂದರು.

ಹಳೇ ಯಂತ್ರದ ಗ್ಯಾಸನ್ನು ಮತ್ತೆ ಹಿಡಿದು ತೂಗಿದಾಗ ತುಂಬಿದ್ದಕ್ಕಿಂತ ಒಂದೂವರೆ ಕಿಲೋ ಕಡಿಮೆ ಇತ್ತು. ಉಸ್ತಾದ್ ಉಜ್ಜಿ ಕೂಡಿಸಿದ ಸೀಲು ಸಣ್ಣಗೆ ಸೋರಿತ್ತು. ಅವರು ತಕ್ಕಡಿಯ ಅಂಕಿಯನ್ನು ನೋಡುತ್ತ ನಿಂತರು. ನಾನು ಹಳೇ ಸೀಲಿಗೆ ಇದು ಏನೂ ಅಲ್ಲ ಎಂದೆ. ಆ ಸಿಲಿಂಡರ್ ಇನ್ನೂ ಆರ್-12 ಗ್ಯಾಸಿನ ಯಂತ್ರವೇ ಇದ್ದ ಇನ್ನೊಂದು ಆಸ್ಪತ್ರೆಯ ರಕ್ತನಿಧಿಗೆ ಹೋಯಿತು.

ಮುಂದಿನ ತಂಡದ ಮೊದಲ ದಿನ ಹಾಜರಿ ಕರೆಯಲು ತರಗತಿಗೆ ಹೋದರೆ, ಮುಂದಿನ ಬೆಂಚಿನಲ್ಲಿ ಇಸ್ತ್ರಿಯ ಅಂಗಿ ತೊಟ್ಟು ಉಸ್ತಾದ್ ಕೂತಿದ್ದರು. ಹಿಂದೆ ಕೂತ ಹತ್ತು ಹನ್ನೆರಡು ಜನ ಅವರಲ್ಲೇ ಕೆಲಸ ಕಲಿತವರು; ಅವರು ಕೂತಿರುವಾಗ ತಾವು ಹೇಗೆ ಕೂರುವುದೆಂದು ತಿಳಿಯದೆ ಎಲ್ಲರೂ ಎದ್ದು ನಿಂತಿದ್ದರು.

"ಕುಂದರ್ರಿ, ಕುಂದರ್ರಿ" ಎಂದರು ಅವರು ಹಿಂದೆ ತಿರುಗದೆ. "ಮೇಡಂ ಬಂದಾರ."

ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಹೊಸ ನೋಟ್‌ಬುಕ್ಕನ್ನು ಬಲಗಡೆಯಿಂದ ತೆರೆದು, ಉರ್ದುವಿನಲ್ಲಿ ಆ ದಿನದ ತಾರೀಖು ಬರೆದು, ಪೆನ್ನು ಹಿಡಿದು ಕಾದರು. ನಾನು ಬೋರ್ಡಿನ ಕಡೆ ತಿರುಗಿದೆ. ನೂರು ಸಲ ಹೇಳಿದ ಪಾಠ ಎಲ್ಲಿಂದ ಶುರುವಾಗುತ್ತದೆ ಎಂಬುದು ಸ್ವಲ್ಪ ಹೊತ್ತು ನೆನಪಿಗೇ ಬರಲಿಲ್ಲ.